ತಂದೆಯ ರುಜು

ಮೂವತ್ತೊಂದು ವರ್ಷಗಳ ಕಾಲ ನಾನು ಬೆಂಗಳೂರಿನ ಒಂದು ಕಾಲೇಜಿನ ಕಛೇರಿಯಲ್ಲಿ ಗುಮಾಸ್ತನಾಗಿದ್ದೆ. ಅದರಲ್ಲಿ ಹತ್ತೊಂಬತ್ತು ವರ್ಷ ನನ್ನ ಮೇಜಿಗೆ ಸೇರಿದ್ದುದು ವಿದ್ಯಾರ್ಥಿವೇತನದ ವಿಭಾಗ. ಆ ಅವಧಿಯಲ್ಲಿ ಪ್ರಿನ್ಸಿಪಾಲರು ಏಳು ಮಂದಿ ಬಂದು ಹೋದರು. ಸರ್ಕಾರಗಳೂ ಬಂದು ಹೋದುವು. ಬೆರಳಚ್ಚಿನ ಯಂತ್ರ ಮೂಲೆ ಸೇರಿ ಕಂಪ್ಯೂಟರು ಬಂದು ಕುಳಿತಿತು. ಬದಲಾಗದೆ ಉಳಿದುದು ಅರ್ಜಿಯ ಕೊನೆಯ ಪುಟದಲ್ಲಿ, ಬಲಗಡೆ ಕೆಳಮೂಲೆಯಲ್ಲಿದ್ದ ಒಂದು ಗೆರೆ. ‘ತಂದೆಯ ಅಥವಾ ಪೋಷಕರ ರುಜು’ ಎಂದು ಅದರ ಕೆಳಗೆ ಅಚ್ಚಾಗಿರುತ್ತಿದ್ದಿತು.

ಆ ಗೆರೆಯ ಮೇಲೆ ನಾನು ಕಂಡ ರುಜುಗಳ ವೈವಿಧ್ಯವನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಮಸಿ ಹೆಚ್ಚಾಗಿ ಕಲೆಸಿಹೋದ ಹೆಬ್ಬೆಟ್ಟು, ನಡುಗುವ ಕೈಯ ದಪ್ಪ ಕನ್ನಡ ಅಕ್ಷರ, ಬರೆದವರಿಗೂ ಓದಲಾಗದ ಇಂಗ್ಲಿಷು, ಹಾಸ್ಟೆಲಿನಲ್ಲಿ ಕುಳಿತು ಮಗನೇ ತಂದೆಯ ಹೆಸರಿನಲ್ಲಿ ಗೀಚಿದ ರುಜು. ಈ ಕೊನೆಯದನ್ನು ನಾನು ನೋಡಿದೊಡನೆಯೇ ಪತ್ತೆಮಾಡಿ ಅರ್ಜಿಯನ್ನು ಹಿಂದಿರುಗಿಸುತ್ತಿದ್ದೆ. ನಿಯಮದ ವಿಷಯದಲ್ಲಿ ಬಹು ಬಿಗಿಯಾದ ಮನುಷ್ಯನೆಂದು ನನಗೆ ಹೆಸರಾಗಿದ್ದಿತು. ಆ ಹೆಸರಿನಿಂದ ನನಗೆ ಒಳಗೊಳಗೇ ಸಂತೋಷವೂ ಆಗುತ್ತಿದ್ದಿತೆಂಬುದನ್ನು ಮುಚ್ಚಿಡಲಾರೆ.

1997ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಎರಡನೆಯ ವರ್ಷದ ಬಿ.ಎಸ್‌ಸಿ. ಓದುತ್ತಿದ್ದ ಹುಡುಗನೊಬ್ಬ ನನ್ನ ಕಿಟಕಿಯ ಮುಂದೆ ಬಂದು ನಿಂತ. ವಿದ್ಯಾರ್ಥಿವೇತನವನ್ನು ಮುಂದುವರಿಸಲು ಆತ ತಂದಿದ್ದ ಅರ್ಜಿಯಲ್ಲಿ ಎಲ್ಲವೂ ಮುತ್ತಿನಂಥ ಅಕ್ಷರಗಳಲ್ಲಿ ತುಂಬಿದ್ದಿತು. ತಂದೆಯ ರುಜು ಇರಲಿಲ್ಲ, ತಹಸೀಲ್ದಾರರ ಆದಾಯ ಪ್ರಮಾಣಪತ್ರವೂ ಇರಲಿಲ್ಲ. “ಊರಿಗೆ ಹೋಗಿ ತೆಗೆದುಕೊಂಡು ಬಾ” ಎಂದೆ. “ಮನೆಗೆ ಹೋಗುವ ಹಾಗಿಲ್ಲ ಸಾರ್” ಎಂದ. “ಯಾಕೆ?” ಎಂದು ಕೇಳಿದೆ. ಹುಡುಗ ನೆಲ ನೋಡಿದ. ನನ್ನ ಹಿಂದಿನ ಮೇಜಿನವರು ಅವನ ನಿಲುವನ್ನೂ ಮಾತಿನ ರೀತಿಯನ್ನೂ ಕಂಡು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕರು. ಕಾರಣ ನನಗೂ ಅರ್ಥವಾಯಿತು. ಅರ್ಥವಾಗದವನಂತೆ, “ಶುಕ್ರವಾರದೊಳಗೆ ಸರಿಮಾಡಿ ತಾ, ಇಲ್ಲದಿದ್ದರೆ ಅರ್ಜಿ ವಜಾ ಆಗುತ್ತದೆ” ಎಂದು ಕಾಗದಗಳನ್ನು ಕಿಟಕಿಯಿಂದ ಹೊರಕ್ಕೆ ತಳ್ಳಿದೆ.

ಶುಕ್ರವಾರ ಅವನು ಬರಲಿಲ್ಲ. ಆಮೇಲೆ ತರಗತಿಗೂ ಬರಲಿಲ್ಲ. ಪ್ರವೇಶದ ಕಾಲದಲ್ಲಿ ಅವನು ಒಪ್ಪಿಸಿದ್ದ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳ ಮೂಲಪ್ರತಿಗಳು ನನ್ನ ಅಲ್ಮಾರಿನಲ್ಲೇ ಉಳಿದುವು. 2009ರಲ್ಲಿ ನಾನು ನಿವೃತ್ತನಾದಾಗ ಬೀಗದ ಕೈಯೊಡನೆ ಅವುಗಳನ್ನೂ ಪಟ್ಟಿಯಲ್ಲಿ ಬರೆದು ನನ್ನ ನಂತರದವರಿಗೆ ವಹಿಸಿಕೊಟ್ಟೆ. ಮೂಲ ಅಂಕಪಟ್ಟಿ ಕೈಯಲ್ಲಿಲ್ಲದೆ ಆ ಹುಡುಗ ಬೇರೆ ಯಾವ ಕಾಲೇಜಿಗೆ ಸೇರಲು ಸಾಧ್ಯವಿದ್ದಿತು?

ಇದನ್ನು ಇಪ್ಪತ್ತಾರು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದೇನೂ ನಡೆಯಲಿಲ್ಲವೆಂದೇ ನಂಬಿದ್ದೆ. ಅರ್ಜಿ ಅಪೂರ್ಣವಾಗಿದ್ದಿತು, ಹಿಂದಿರುಗಿಸಿದೆ, ಅಷ್ಟೆ. ಅದು ನೆನಪಿಗೆ ಬಂದುದು ದೂರದ ಅಮೆರಿಕದಲ್ಲಿ, ಇಂಥದೇ ಇನ್ನೊಂದು ಗೆರೆಯ ಮುಂದೆ ಕುಳಿತಾಗ.

ನನ್ನ ಮಗಳು ನ್ಯೂ ಜೆರ್ಸಿಯಲ್ಲಿದ್ದಾಳೆ. 2023ರ ನವೆಂಬರಿನಲ್ಲಿ ನಾನೂ ನನ್ನಾಕೆಯೂ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದೆವು. ಮಹಡಿಯ ಮೇಲೆ ನಮಗೆಂದು ಇಟ್ಟಿದ್ದ ಕೊಠಡಿಯಲ್ಲಿ ನಾವು ಹೋಗುವ ವೇಳೆಗೆ ಒಬ್ಬ ಹುಡುಗನಿದ್ದ. “ಅಣ್ಣ, ನಿಮಗೆ ಕೆಳಗಿನ ಕೊಠಡಿ ಸಿದ್ಧಮಾಡಿದ್ದೇನೆ, ನಿಮ್ಮ ಮಂಡಿನೋವಿಗೆ ಅದೇ ವಾಸಿ” ಎಂದಳು ಮಗಳು. (ನಮ್ಮ ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದೇ ಕರೆಯುವುದು.) ವಿಷಯವನ್ನು ಅವಳು ಪೂರ್ತಿ ಹೇಳಿದುದು ಎರಡು ದಿನ ಕಳೆದ ಮೇಲೆ.

ಹುಡುಗ ಅಲ್ಲೇ ಹುಟ್ಟಿದವನು. ತಂದೆತಾಯಿಗಳು ನಮ್ಮ ಕಡೆಯವರೇ, ಕನ್ನಡ ಕೂಟದ ಪರಿಚಯ, ದೊಡ್ಡ ಸಂಬಳದ ಕೆಲಸ. ಹದಿನೆಂಟು ತುಂಬಿದ ಮರುತಿಂಗಳು ಹುಡುಗ ಮನೆಯಲ್ಲಿ ತಾನು ಸಲಿಂಗಾನುರಾಗಿಯೆಂದು ಹೇಳಿಬಿಟ್ಟ. ಆ ಮಾತನ್ನು ಹಿಂತೆಗೆದುಕೊಳ್ಳುವವರೆಗೆ ಈ ಹೊಸಿಲು ತುಳಿಯಬೇಡವೆಂದು ತಂದೆ ಹೇಳಿದರು. ಶಾಲೆಯ ಚೀಲವೊಂದನ್ನೇ ಹೆಗಲಿಗೆ ಹಾಕಿಕೊಂಡು ಹೊರಟವನು ಒಂಬತ್ತು ರಾತ್ರಿ ಸ್ನೇಹಿತರ ಮನೆಗಳ ಸೋಫಾಗಳ ಮೇಲೆ ಮಲಗಿ, ಕಡೆಗೆ ನನ್ನ ಮೊಮ್ಮಗನ ಜೊತೆಯಲ್ಲಿ ಇಲ್ಲಿಗೆ ಬಂದಿದ್ದ. ಅಳಿಯಂದಿರಿಗೆ ಮೊದಲು ಸ್ವಲ್ಪ ಸಂಕೋಚವಿದ್ದಿತಂತೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಸಮುದ್ರ ದಾಟಿದರೂ ನಮ್ಮವರನ್ನು ಬಿಡುವುದಿಲ್ಲ. ಆದರೂ ಹುಡುಗನಿಗೆ ಹಾಸಿಗೆ ಹೊತ್ತು ತಂದವರು ಅವರೇ.

ಇಂಥ ವಿಷಯವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಬರೆಯಬಹುದೆ ಎಂದು ನನ್ನಾಕೆ ಕೇಳಿದಳು. ಇದು ಮನೆಮಂದಿಯ ವಿಷಯವೇ ಅಲ್ಲವೆ ಎಂದು ನಾನೂ ಕೇಳಿದೆ.

ಆ ಹುಡುಗ ಶಾಲೆಯ ಕೊನೆಯ ವರ್ಷದಲ್ಲಿದ್ದ. ಓದಿನಲ್ಲಿ ಚುರುಕು. ಮುಂದಿನ ಸೆಪ್ಟೆಂಬರಿಗೆ ಕಾಲೇಜು ಸೇರಬೇಕು. ಆತ ಸೇರಬೇಕೆಂದಿದ್ದುದು ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯವೇ ಆದರೂ ಫೀಸು, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗೂ ಮೇಲಾಗುತ್ತಿದ್ದಿತು. ಆ ದೇಶದಲ್ಲಿ ಕೇಂದ್ರ ಸರ್ಕಾರದ ನೆರವಾಗಲಿ ಸಾಲವಾಗಲಿ ಬೇಕಾದರೆ, ಎಲ್ಲರೂ ತುಂಬಬೇಕಾದ ಒಂದು ಅರ್ಜಿಯಿದೆ. ಫಾಫ್ಸಾ ಎಂದು ಕರೆಯುತ್ತಾರೆ. ಕಾಲೇಜುಗಳೂ ತಮ್ಮ ಸ್ವಂತ ನಿಧಿಯಿಂದ ಕೊಡುವ ಸಹಾಯಕ್ಕೆ ಸಾಮಾನ್ಯವಾಗಿ ಅದನ್ನೇ ಆಧಾರವಾಗಿಟ್ಟುಕೊಳ್ಳುತ್ತವೆ. ಹೆಸರಿನ ಮೊದಲಕ್ಷರಕ್ಕೆ ‘ಉಚಿತ’ ಎಂದೇ ಅರ್ಥ. ಆದ್ದರಿಂದ ಅದನ್ನು ತುಂಬಿಕೊಡಲು ಹಣ ಕೇಳುವವರಿಂದ ದೂರವಿರುವುದು ಲೇಸು. ಆ ಸಲ ಅರ್ಜಿಯನ್ನು ಹೊಸದಾಗಿ ರಚಿಸುತ್ತಿದ್ದುದರಿಂದ ವಾಡಿಕೆಯಂತೆ ಅಕ್ಟೋಬರಿನಲ್ಲಿ ತೆರೆಯದೆ ಡಿಸೆಂಬರಿನ ಕೊನೆಯಲ್ಲಿ ತೆರೆಯಿತು. ತೆರೆದ ಮೇಲೂ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದಿತು. ಸರ್ಕಾರಿ ಕೆಲಸದ ಈ ಲಕ್ಷಣವನ್ನು ಅಲ್ಲಿಯೂ ಕಂಡು ನನಗೆ ಊರಿನಲ್ಲೇ ಇದ್ದಂತಾಯಿತು.

ಒಂದು ಸಂಜೆ ಹುಡುಗ ಊಟದ ಮೇಜಿನ ಮೇಲೆ ಕಂಪ್ಯೂಟರನ್ನಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. “ಏನಪ್ಪಾ?” ಎಂದು ಹತ್ತಿರ ಹೋದೆ. “ಇದಕ್ಕೆ ಅಪ್ಪನ ಒಪ್ಪಿಗೆ ಬೇಕು ತಾತ” ಎಂದ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ತಂದೆತಾಯಿಗಳು ತಮ್ಮ ತೆರಿಗೆಯ ಲೆಕ್ಕವನ್ನು ಒದಗಿಸಲು ಒಪ್ಪಿ ರುಜು ಮಾಡಬೇಕು. ಮಾಡದಿದ್ದರೆ ಲೆಕ್ಕವೇ ಮುಂದೆ ಹೋಗುವುದಿಲ್ಲ. ನನ್ನ ಬಲಗಡೆಯ ಕೆಳಮೂಲೆಯ ಗೆರೆ!

ಮಗಳು ಹುಡುಗನ ತಂದೆಗೆ ಫೋನು ಮಾಡಿದಳು. ಆ ಭಾಗವನ್ನು ತುಂಬಿದ ಮಾತ್ರಕ್ಕೆ ಅವರು ಒಂದು ಕಾಸನ್ನೂ ಕೊಡಬೇಕಾಗಿಲ್ಲ, ಯಾವ ಸಾಲಕ್ಕೂ ಹೊಣೆಯಾಗುವುದಿಲ್ಲ ಎಂದು ತಿಳಿಸಿದಳು. ಅದು ನಿಜವೂ ಹೌದು. ಈ ಒಂದು ಅಂಶ ತಿಳಿಯದೆ ಎಷ್ಟೋ ಮಂದಿ ಹೆತ್ತವರು ಹಿಂಜರಿಯುತ್ತಾರೆ. ಅವರು, “ಅವನೇ ಬಂದು ಕೇಳಲಿ, ಹೇಗೆ ಬರಬೇಕೆಂದು ಅವನಿಗೆ ಗೊತ್ತು” ಎಂದು ಫೋನು ಇಟ್ಟರು.

ಹಾಗಾದರೆ ತಂದೆಯನ್ನು ಬಿಟ್ಟು ತುಂಬಬಾರದೆ? ಆ ದೇಶದ ಮಕ್ಕಳು ಹದಿನೆಂಟಕ್ಕೇ ಸ್ವತಂತ್ರರೆಂದು ನಾವಿಲ್ಲಿ ಕುಳಿತು ಹೇಳುತ್ತೇವೆ. ಸರ್ಕಾರದ ನೆರವಿನ ಲೆಕ್ಕದಲ್ಲಿ ಹಾಗಲ್ಲ. ಇಪ್ಪತ್ತನಾಲ್ಕು ತುಂಬುವವರೆಗೆ ವಿದ್ಯಾರ್ಥಿ ತಂದೆತಾಯಿಗಳ ಅವಲಂಬಿ. ತಂದೆಯ ವರಮಾನ ಹೆಚ್ಚಾಗಿದ್ದರೆ, ಆ ವರಮಾನದಿಂದ ಮಗನಿಗೆ ಬಿಡಿಕಾಸು ಸಿಗದಿದ್ದರೂ ಮಗ ಶ್ರೀಮಂತನೇ! ಇದಕ್ಕೆ ಅಪವಾದಗಳುಂಟು: ಅನಾಥರು, ಸೈನ್ಯದಲ್ಲಿದ್ದವರು, ತಾವೇ ಮಕ್ಕಳನ್ನು ಸಾಕುತ್ತಿರುವವರು, ಮದುವೆಯಾದವರು. ಈ ಕೊನೆಯದನ್ನು ಓದಿ ಹುಡುಗ, “ತಾತ, ನಾನು ಮದುವೆಯಾಗಿಬಿಡಲೆ? 2015ರಿಂದ ನಮಗೂ ಕಾನೂನಿದೆ” ಎಂದ. ಅವನು ನಗುವುದನ್ನು ನಾನು ಕಂಡುದು ಅದೇ ಮೊದಲು. ಅಡುಗೆಯ ಮನೆಯಿಂದ ನನ್ನಾಕೆ, “ಮೊದಲು ಓದು ಮುಗಿಯಲಿ, ಆಮೇಲೆ ಮದುವೆ” ಎಂದು ಕೂಗಿ ಹೇಳಿದಳು. ಅವಳಿಗೆ ಪೂರ್ತಿ ಕೇಳಿಸಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಆ ರಾತ್ರಿ ನನ್ನ ಹಳೆಯ ಕಸುಬು ಎಚ್ಚೆತ್ತಿತು. ಮೊಮ್ಮಗನಿಂದ ನಿಯಮಗಳ ಪುಟಗಳನ್ನು ಅಚ್ಚುಹಾಕಿಸಿಕೊಂಡು, ಕೆಂಪು ಪೆನ್ಸಿಲು ಹಿಡಿದು, ಎರಡು ದಿನ ಓದಿದೆ. ಓದಿದ ಮೇಲೆ ತಿಳಿದುದು, ಮಗಳು ಆಗಲೇ ಬರೆದಿಟ್ಟಿದ್ದ ಪತ್ರ ತಪ್ಪು ದಾರಿಯದೆಂದು. “ಈತನ ತಂದೆ ಕಾಲೇಜಿನ ಖರ್ಚನ್ನು ಕೊಡಲು ನಿರಾಕರಿಸಿದ್ದಾರೆ” ಎಂದು ಅವಳು ಬರೆದಿದ್ದಳು. ಅದು ಸತ್ಯವೇ. ಆದರೆ ಅಲ್ಲಿಯ ನಿಯಮ ಸ್ಪಷ್ಟವಾಗಿದೆ: ತಂದೆತಾಯಿಗಳು ಹಣ ಕೊಡಲು ಒಪ್ಪುವುದಿಲ್ಲ ಎಂಬುದೊಂದೇ ಕಾರಣವಾಗಲಾರದು, ಅರ್ಜಿಗೆ ವಿವರ ಕೊಡುವುದಿಲ್ಲ ಎಂಬುದೂ ಕಾರಣವಾಗಲಾರದು, ಹುಡುಗ ತನ್ನ ದುಡಿಮೆಯಿಂದಲೇ ಜೀವಿಸುತ್ತಿದ್ದಾನೆ ಎಂಬುದೂ ಸಾಲದು. ಹಾಗೆ ಬರೆದುಕೊಟ್ಟವನಿಗೆ ಸಿಗಬಹುದಾದುದು ಬಡ್ಡಿಯ ಸಾಲ ಮಾತ್ರ, ಮೊದಲ ವರ್ಷಕ್ಕೆ ಹೆಚ್ಚೆಂದರೆ 5,500 ಡಾಲರು. ಅದೇ, ಮನೆಯವರು ತೊರೆದುಬಿಟ್ಟಿದ್ದಾರೆ, ಸಂಬಂಧವೇ ಮುರಿದುಬಿದ್ದಿದೆ, ಮನೆಗೆ ಹೋದರೆ ಅಪಾಯವಿದೆ ಎಂಬುದನ್ನು ಬಲ್ಲವರ ಹೇಳಿಕೆಗಳೊಡನೆ ತೋರಿಸಿದರೆ, ಕಾಲೇಜಿನ ಆರ್ಥಿಕ ನೆರವಿನ ಅಧಿಕಾರಿ ತನ್ನ ವಿವೇಚನೆಯಿಂದ ವಿದ್ಯಾರ್ಥಿಯನ್ನು ಸ್ವತಂತ್ರನೆಂದು ಪರಿಗಣಿಸಬಹುದು. ಅರ್ಜಿಯಲ್ಲಿ ಸತ್ಯವಿದ್ದರೆ ಸಾಲದು, ಕಾಲಮಿಗೆ ಹೊಂದುವ ಸತ್ಯವಿರಬೇಕು. ಹತ್ತೊಂಬತ್ತು ವರ್ಷ ಕಿಟಕಿಯ ಒಳಗಡೆ ಕುಳಿತು ನಾನು ಕಲಿತ ವಿದ್ಯೆ ಅದೊಂದೇ. ಕಿಟಕಿಯ ಹೊರಗಡೆ ನಿಂತವರಿಗಾಗಿ ಅದನ್ನು ಬಳಸಿದುದು ಮಾತ್ರ ಆಗಲೇ ಮೊದಲು.

ಇನ್ನೊಂದು ಬಾಗಿಲೂ ಇದ್ದಿತು. ಅದನ್ನು ಓದಿ ನಮ್ಮ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಸ್ಥಿರವಾದ, ನಿಯತವಾದ, ತಕ್ಕುದಾದ ರಾತ್ರಿಯ ನೆಲೆ ಇಲ್ಲದೆ, ತಂದೆತಾಯಿಗಳಿಂದ ಬೇರೆಯಾಗಿರುವ ಹುಡುಗನನ್ನು ಆ ಕಾನೂನು ‘ಮನೆಯಿಲ್ಲದವನು’ ಎಂದು ಕರೆಯುತ್ತದೆ. ಬೀದಿಯಲ್ಲಿ ಮಲಗಿರಬೇಕೆಂದಿಲ್ಲ, ಇದ್ದ ಮನೆ ತಪ್ಪಿದುದರಿಂದ ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ತಂಗಿದ್ದರೂ ಆತ ಮನೆಯಿಲ್ಲದವನೇ. ಅಂಥವನ ಅರ್ಜಿಗೆ ತಂದೆಯ ರುಜು ಬೇಡ. “ಮೂರು ಹೊತ್ತೂ ನಾನು ಅಡುಗೆ ಮಾಡಿ ಬಡಿಸುತ್ತಿದ್ದೇನೆ, ಈ ಮಗು ಮನೆಯಿಲ್ಲದವನು ಹೇಗಾದಾನು?” ಎಂದು ನನ್ನಾಕೆ ಸಿಡಿದಳು. ಮಗಳಿಗೂ ಕಣ್ಣಲ್ಲಿ ನೀರು ಬಂದಿತು. ತಾನು ಕೊಟ್ಟ ಕೊಠಡಿಯನ್ನು ಕೊಠಡಿಯಲ್ಲವೆಂದು ತಾನೇ ಬರೆದುಕೊಡಬೇಕಲ್ಲ ಎಂದು. ಹುಡುಗ ಮಾತ್ರ ಶಾಂತನಾಗಿ, “ಅಜ್ಜಿ, ಇದು ಕಾಗದದ ಮಾತು” ಎಂದ.

ಅಲ್ಲಿ ಪ್ರತಿಯೊಂದು ಶಾಲಾ ಜಿಲ್ಲೆಯಲ್ಲಿಯೂ ಮನೆಯಿಲ್ಲದ ಮಕ್ಕಳ ವಿಷಯ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿರಲೇಬೇಕೆಂದು ಕಾನೂನಿದೆ. ಹುಡುಗನ ಶಾಲೆಯ ಸಲಹೆಗಾರ್ತಿ ಅಂಥ ಅಧಿಕಾರಿಯ ಬಳಿಗೆ ಅವನನ್ನು ಕರೆದೊಯ್ದರು. ಯಾವ ದಿನ ಮನೆ ಬಿಟ್ಟ, ಯಾವ ಯಾವ ರಾತ್ರಿ ಎಲ್ಲಿ ಮಲಗಿದ, ನೋಡಿದವರು ಯಾರು ಎಂಬುದನ್ನೆಲ್ಲ ತಾರೀಖಿನ ಕ್ರಮದಲ್ಲಿ ನಾನೇ ಕರಡು ಮಾಡಿಕೊಟ್ಟಿದ್ದೆ. ‘ಈ ಮೂಲಕ ದೃಢೀಕರಿಸುವುದೇನೆಂದರೆ’ ಎಂಬ ಧಾಟಿಯಲ್ಲಿ ನಾನು ಇಂಗ್ಲಿಷಿನಲ್ಲಿ ಆರಂಭಿಸಿದ್ದ ವಾಕ್ಯವನ್ನು ಮಗಳು ಹೊಡೆದುಹಾಕಿದಳು. ಒಂಬತ್ತು ರಾತ್ರಿಗಳ ಪಟ್ಟಿಯನ್ನು ಹಾಗೆಯೇ ಬಿಟ್ಟಳು. ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಅರ್ಜಿಯಲ್ಲೆಲ್ಲಿಯೂ, ಆ ಕರಡಿನಲ್ಲಿಯೂ, ಹುಡುಗ ಯಾರನ್ನು ಪ್ರೀತಿಸುತ್ತಾನೆಂಬ ಮಾತು ಬರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅದನ್ನು ಹೇಳಲೇಬೇಕಾದ ಅರ್ಜಿಗಳು ಬೇರೆ ಇದ್ದುವು. ಇಂಥ ಮಕ್ಕಳಿಗೆಂದೇ ಅಲ್ಲಿ ವಿದ್ಯಾರ್ಥಿವೇತನಗಳಿವೆ ಎಂದು ಕೇಳಿದಾಗ, ನಿಜ ಹೇಳಬೇಕೆಂದರೆ, ನನಗೆ ಅದು ವಿಚಿತ್ರವಾಗಿ ತೋರಿತು. ಅಂಕ ನೋಡಿ ಕೊಡಲಿ, ಬಡತನ ನೋಡಿ ಕೊಡಲಿ. ಇದನ್ನು ನೋಡಿ ಕೊಡುವುದೇನು? ಆಮೇಲೆ ನನ್ನ ತಂದೆಯವರ ನೆನಪಾಯಿತು. ಅವರು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಮ್ಮ ನಾಡಿನಲ್ಲಿ ಮಠಗಳು ಅನ್ನವಿಟ್ಟು ಓದಿಸಿವೆ. ಸಿದ್ಧಗಂಗೆಯಲ್ಲಿ ಉಂಡು ಓದಿದ ಮಕ್ಕಳನ್ನು ಎಣಿಸುವವರಾರು? ಬೆಂಗಳೂರು ಮೈಸೂರುಗಳಲ್ಲಿ ಒಂದೊಂದು ಜನಾಂಗದವರೂ ತಮ್ಮ ತಮ್ಮ ಮಕ್ಕಳಿಗೆಂದು ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು, ದತ್ತಿಗಳನ್ನು ಇಟ್ಟರು. ನನ್ನ ಮೇಜಿನ ಮೇಲೆ ಹಾಯ್ದುಹೋದ ಅರ್ಜಿಗಳಲ್ಲಿ ಅರ್ಧ ಅಂಥವೇ. ಅದು ನನಗೆ ಎಂದೂ ವಿಚಿತ್ರವೆನಿಸಿರಲಿಲ್ಲ.

ವ್ಯತ್ಯಾಸವಿರುವುದು ಇಷ್ಟೆ. ಆ ದತ್ತಿಗಳು ತಂದೆಯ ಕಡೆಯಿಂದ ಮಗನಿಗೆ ಇಳಿದು ಬರುವಂಥವು. ತಂದೆ ಯಾವ ಜನಾಂಗವೋ ಮಗನೂ ಅದೇ, ಕೊಡುವ ಹಿರಿಯರೂ ಅವರೇ. ಈ ಮಕ್ಕಳು ಸೇರುವ ಗುಂಪಿನಲ್ಲಿ ಇವರ ತಂದೆಯಿಲ್ಲ, ಚಿಕ್ಕಪ್ಪನಿಲ್ಲ, ಸೋದರಮಾವನಿಲ್ಲ. ಮನೆಯಲ್ಲಿ ತಾವೊಬ್ಬರೇ. ಆದ್ದರಿಂದ ಇವರಿಗೆ ದತ್ತಿಯಿಡುವ ಹಿರಿಯರನ್ನು ಮನೆಯ ಹೊರಗಡೆ ಹುಡುಕಬೇಕಾಯಿತು. ಅಮೆರಿಕದಲ್ಲಿ ಅಂಥವರು ಮುಂದೆ ಬಂದು ಬಹಳ ಕಾಲವೇನೂ ಆಗಿಲ್ಲ. ಸಿಯಾಟಲಿನ ಪ್ರೈಡ್ ಫೌಂಡೇಷನ್ 1985ರಲ್ಲಿ ಆರಂಭವಾದುದು. ಅದು ವಾಯವ್ಯ ಭಾಗದ ರಾಜ್ಯಗಳ ವಿದ್ಯಾರ್ಥಿಗಳಿಗೆ ನೆರವಾಗುತ್ತದೆ. ಇಡೀ ದೇಶದ ವಿದ್ಯಾರ್ಥಿಗಳಿಗಾಗಿ ಪಾಯಿಂಟ್ ಫೌಂಡೇಷನ್ ಎಂಬುದು 2001ರಲ್ಲಿ ಹುಟ್ಟಿ ಮರುವರ್ಷದಿಂದ ವೇತನ ಕೊಡತೊಡಗಿತು. ಹಣದ ಜೊತೆಗೆ ಒಬ್ಬ ಹಿರಿಯ ಮಾರ್ಗದರ್ಶಿಯನ್ನೂ ಅದು ಗೊತ್ತುಮಾಡಿಕೊಡುತ್ತದೆ ಎಂಬುದು ನನಗೆ ಬಹಳ ಹಿಡಿಸಿತು. ಮನೆಯಿಂದ ತಪ್ಪಿದುದು ಹಣವೊಂದೇ ಅಲ್ಲವೆಂದು ಬಲ್ಲವರು ಮಾಡಿದ ಏರ್ಪಾಡು ಅದು.

ನನ್ನ ಮನಸ್ಸಿಗೆ ತಟ್ಟಿದುದು ಇನ್ನೊಂದರ ಕಥೆ. ನ್ಯೂಯಾರ್ಕಿನಲ್ಲಿ ಜೀನ್ ಮ್ಯಾನ್‌ಫರ್ಡ್ ಎಂಬ ಶಾಲೆಯ ಉಪಾಧ್ಯಾಯಿನಿಯಿದ್ದರು. 1972ರಲ್ಲಿ ಅವರು ಸಲಿಂಗಾನುರಾಗಿಯಾದ ತಮ್ಮ ಮಗನೊಡನೆ, ಇಂಥ ಮಕ್ಕಳ ತಂದೆತಾಯಿಗಳು ಒಂದಾಗಬೇಕೆಂಬ ಫಲಕವನ್ನು ಕೈಯಲ್ಲಿ ಹಿಡಿದು ಮೆರವಣಿಗೆಯಲ್ಲಿ ನಡೆದರು. ಮರುವರ್ಷ ಒಂದು ಚರ್ಚಿನಲ್ಲಿ ಅಂಥ ಹೆತ್ತವರ ಮೊದಲ ಸಭೆ ಸೇರಿತು. ಅದು ಬೆಳೆದು ಪಿಫ್ಲ್ಯಾಗ್ ಎಂಬ ಸಂಸ್ಥೆಯಾಯಿತು. ಊರೂರುಗಳಲ್ಲಿ ಅದರ ಶಾಖೆಗಳಿದ್ದು, ಹಲವು ಶಾಖೆಗಳು ತಮ್ಮ ಊರಿನ ಮಕ್ಕಳಿಗೆ ಸಣ್ಣ ಸಣ್ಣ ವಿದ್ಯಾರ್ಥಿವೇತನಗಳನ್ನು ಕೊಡುತ್ತವೆ. ದೊಡ್ಡ ಸಂಸ್ಥೆಯೊಂದಕ್ಕೆ ದೇಶದ ಮೂಲೆಮೂಲೆಯಿಂದ ಅರ್ಜಿಗಳು ಹೋಗುವಾಗ, ಊರಿನ ಶಾಖೆಗೆ ಹೋಗುವುವು ಎಷ್ಟು? ಸಣ್ಣ ದತ್ತಿಯನ್ನು ಅಲಕ್ಷ್ಯ ಮಾಡಬೇಡವೆಂದು ನಾನು ನನ್ನ ಕಿಟಕಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಈ ಹುಡುಗನಿಗೂ ಹೇಳಿದೆ.

ಅವನ ಹಿಂಜರಿಕೆ ಬೇರೆಯಾಗಿದ್ದಿತು. “ಗೆದ್ದವರ ಹೆಸರು, ಭಾವಚಿತ್ರ ಎಲ್ಲ ಪ್ರಕಟಿಸುತ್ತಾರೆ ತಾತ. ಅಪ್ಪನ ಸ್ನೇಹಿತರೂ ನೋಡುತ್ತಾರೆ.” ತನ್ನನ್ನು ಹೊರಗೆ ಹಾಕಿದ ತಂದೆಯ ಮಾನವನ್ನು ಆ ಹುಡುಗ ಕಾಯುತ್ತಿದ್ದ! ಅರ್ಜಿ ಹಾಕುವ ಮೊದಲೇ ಪತ್ರ ಬರೆದು, ಹೆಸರನ್ನು ಗುಟ್ಟಾಗಿಡಲು ಸಾಧ್ಯವೆ ಎಂದು ಕೇಳುವಂತೆ ಅವನ ಸಲಹೆಗಾರ್ತಿ ಹೇಳಿಕೊಟ್ಟರು. ಕೇಳಿದ, ಊರಿನ ಶಾಖೆಯವರು ಒಪ್ಪಿದರು. ಹೊರಗಿನ ವೇತನ ಸಿಕ್ಕಿದಷ್ಟನ್ನೂ ತಮ್ಮ ನೆರವಿನಿಂದ ಕಳೆದುಬಿಡುವ ಕಾಲೇಜುಗಳುಂಟು, ಅದನ್ನೂ ಮೊದಲೇ ವಿಚಾರಿಸಿಡು ಎಂದು ಆಕೆಯೇ ಎಚ್ಚರಿಸಿದರು. ನನ್ನಂಥ ಗುಮಾಸ್ತನಿಗೂ ಹೊಳೆಯದ ಸೂಕ್ಷ್ಮ ಇದು.

ಜನವರಿಯಲ್ಲಿ ಕನ್ನಡ ಕೂಟದ ಸಂಕ್ರಾಂತಿ. ಹುಡುಗ ಬರಲಿಲ್ಲ. ಅವನ ತಂದೆ ಬಂದಿದ್ದರು. ಎಳ್ಳುಬೆಲ್ಲದ ತಟ್ಟೆಯ ಮುಂದೆ ನಾವಿಬ್ಬರೂ ಎದುರುಬದುರಾದೆವು. ನಾನೇನಾದರೂ ಹೇಳಿಬಿಡುತ್ತೇನೆಂದು ನನ್ನಾಕೆ ನನ್ನ ತೋಳನ್ನು ಹಿಡಿದಳು. ಅವರು ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ, “ರಾತ್ರಿ ಮೊಸರನ್ನ ತಿನ್ನುತ್ತಾನೆಯೆ? ಇಲ್ಲದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ” ಎಂದರು. ತಿನ್ನುತ್ತಾನೆ ಎಂದೆ. ಸರಿ ಎಂದು ಹೊರಟುಹೋದರು. ರುಜು ಹಾಕಲಾರದ ಮನುಷ್ಯನನ್ನು ಕಲ್ಲೆಂದು ತಿಳಿದಿದ್ದೆ. ಆಮೇಲೆ ಹಾಗೆ ತಿಳಿಯಲಾಗಲಿಲ್ಲ. ಅದರಿಂದ ಅರ್ಜಿಗೇನೂ ಉಪಯೋಗವಾಗಲಿಲ್ಲವೆನ್ನಿ.

ಆ ವರ್ಷದ ಗೊಂದಲದಿಂದ ಕಾಲೇಜುಗಳಿಗೆ ಅರ್ಜಿಯ ವಿವರಗಳು ತಲುಪತೊಡಗಿದುದೇ ಮಾರ್ಚಿಯಲ್ಲಿ. ಮೇ ತಿಂಗಳ ನಡುವೆ ನಾವು ಊರಿಗೆ ಮರಳಿ, ಒಂದು ವಾರವಾದ ಮೇಲೆ ಫೋನು ಬಂದಿತು. ಹುಡುಗನನ್ನು ಸ್ವತಂತ್ರನೆಂದು ಒಪ್ಪಿದ್ದರು. ವರಮಾನವಿಲ್ಲದ ವಿದ್ಯಾರ್ಥಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ ಪೂರ್ತಿಯಾಗಿ ಸಿಕ್ಕಿದ್ದಿತು, ಆ ವರ್ಷದ ಲೆಕ್ಕದಲ್ಲಿ 7,395 ಡಾಲರು, ಅದನ್ನು ಹಿಂದಿರುಗಿಸಬೇಕಾಗಿಲ್ಲ. ಕಾಲೇಜಿನ ಸ್ವಂತ ನಿಧಿಯಿಂದ ಅದಕ್ಕಿಂತ ಹೆಚ್ಚು. ಉಳಿದುದಕ್ಕೆ ಸ್ವಲ್ಪ ಸಾಲ, ಕಾಲೇಜಿನ ಪುಸ್ತಕಭಂಡಾರದಲ್ಲಿ ವಾರಕ್ಕೆ ಹತ್ತು ಗಂಟೆಯ ಕೆಲಸ. ದೊಡ್ಡ ಸಂಸ್ಥೆಯ ವೇತನ ಬರಲಿಲ್ಲ. ಹೆತ್ತವರ ಸಂಘದ ಊರಿನ ಶಾಖೆಯಿಂದ ಒಂದು ಸಾವಿರ ಡಾಲರು ಬಂದಿದ್ದಿತು. “ಅದರ ಜೊತೆಗೆ ಒಬ್ಬ ಮುದುಕಿ ಕೈಯಾರೆ ಬರೆದ ಕಾಗದವೂ ಇದೆ ತಾತ” ಎಂದ ಹುಡುಗ. ಏನು ಬರೆದಿದ್ದಾಳೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೂನ್ ತಿಂಗಳಿನಲ್ಲಿ ನಾನು ನನ್ನ ಹಳೆಯ ಕಾಲೇಜಿಗೆ ಹೋದೆ. ಹದಿನೈದು ವರ್ಷಗಳ ಮೇಲೆ. ನನ್ನ ಕಿಟಕಿಯಿದ್ದ ಕಡೆ ಈಗ ಗಾಜಿನ ತಡೆ. ಒಳಗಡೆ ಮೂವತ್ತರ ಆಚೆಈಚೆಯ ಒಬ್ಬ ಹೆಣ್ಣುಮಗಳು. ನಾನು ಯಾರೆಂದು ತಿಳಿಸಿದ ಮೇಲೆ ಎದ್ದು ಕುರ್ಚಿ ಕೊಟ್ಟು ಕಾಫಿ ತರಿಸಿದಳು. ಹಳೆಯ ವಿಭಾಗದ ಸುದ್ದಿ ವಿಚಾರಿಸಿದೆ. ಈಗ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಪಕ್ಕದಲ್ಲಿ ಮೂರನೆಯ ಚೌಕವಿದೆ ಎಂದು ತೋರಿಸಿದಳು. ತೃತೀಯ ಲಿಂಗಿಗಳನ್ನು ಹಿಂದುಳಿದವರೆಂದು ಪರಿಗಣಿಸಿ ವಿದ್ಯೆಯಲ್ಲೂ ಉದ್ಯೋಗದಲ್ಲೂ ಮೀಸಲಾತಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದುದು, ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 2017ರಲ್ಲಿ ಅವರಿಗೆ ಫೀಸಿನ ವಿನಾಯಿತಿ ಕೊಟ್ಟುದು, ಕೇರಳದ ಕಾಲೇಜುಗಳಲ್ಲಿ 2018ರಲ್ಲಿ ಅವರಿಗೆಂದು ಹೆಚ್ಚುವರಿ ಸ್ಥಾನಗಳನ್ನು ಮಾಡಿದುದು, ಕೇಂದ್ರ ಸರ್ಕಾರ 2022ರಲ್ಲಿ ತಂದ ‘ಸ್ಮೈಲ್’ ಯೋಜನೆಯಲ್ಲಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗೆ ವಿದ್ಯಾರ್ಥಿವೇತನವನ್ನು ಸೇರಿಸಿದುದು, ಉನ್ನತ ಶಿಕ್ಷಣದ ಖರ್ಚನ್ನು ತಾನೇ ವಹಿಸುವುದಾಗಿ ತಮಿಳುನಾಡು 2024ರಲ್ಲಿ ಸಾರಿದುದು—ಎಲ್ಲವನ್ನೂ ಆ ಹುಡುಗಿ ಬಾಯಿಪಾಠದಂತೆ ಹೇಳಿದಳು. ನನಗಿಂತ ಒಳ್ಳೆಯ ಗುಮಾಸ್ತೆ. “ಇಷ್ಟಾದರೂ ಚೌಕ ತುಂಬುವವರು ಕಡಮೆ ಸಾರ್. ಅರ್ಜಿಯ ವಿಷಯ ಮನೆಗೆ ತಿಳಿದೀತೆಂಬ ಭಯ” ಎಂದಳು.

ಈ ನೆರವುಗಳೆಲ್ಲ ತೃತೀಯ ಲಿಂಗಿಗಳಿಗೆ. ಗಂಡಾಗಿದ್ದು ಗಂಡನ್ನು, ಹೆಣ್ಣಾಗಿದ್ದು ಹೆಣ್ಣನ್ನು ಪ್ರೀತಿಸಿದುದಕ್ಕಾಗಿ ಮನೆ ತಪ್ಪಿದವರಿಗೆ ಇವುಗಳಲ್ಲಿ ಯಾವುದೂ ದಕ್ಕುವುದಿಲ್ಲ. ಅವರ ಪ್ರೀತಿ ಅಪರಾಧವಲ್ಲವೆಂದು ನ್ಯಾಯಾಲಯ 2018ರಲ್ಲಿ ಹೇಳಿತು. ಆದಾಯ ಪ್ರಮಾಣಪತ್ರಕ್ಕೆ ಮಾತ್ರ ಅವರು ತಂದೆಯ ಊರಿಗೇ ಹೋಗಬೇಕು. 1997ರ ಆ ಹುಡುಗ ಇವರಲ್ಲಿ ಯಾರೆಂದು ನಾನು ಹೇಳಲಾರೆ. ನಾನು ಕೇಳಿರಲಿಲ್ಲವಲ್ಲ.

ಕಾಫಿಯ ಲೋಟವನ್ನು ಕೆಳಗಿಟ್ಟು ನಾನು ಬಂದ ಕೆಲಸವನ್ನು ಹೇಳಿದೆ. ಅವಳು ಜವಾನನನ್ನು ಕರೆದು ಹಿಂದಿನ ಕೋಣೆಯಿಂದ ಕೆಂಪು ಬಟ್ಟೆಯ ಗಂಟುಗಳನ್ನು ತರಿಸಿದಳು. ಮೂರನೆಯ ಗಂಟಿನಲ್ಲಿ, ನನ್ನದೇ ಕೈಬರಹದ ಪಟ್ಟಿಯ ಕೆಳಗೆ, ಅವು ಇದ್ದುವು. ಅಂಚು ಹಳದಿಯಾಗಿದ್ದಿತು, ಮುದ್ರೆ ಮಾಸಿರಲಿಲ್ಲ. ಗಣಿತದಲ್ಲಿ ತೊಂಬತ್ತನಾಲ್ಕು. ತಂದೆಯ ಹೆಸರು, ಊರಿನ ಹೆಸರು, ಎಲ್ಲ ಇದ್ದುವು. ಅವನ್ನು ನಾನು ತೆಗೆದುಕೊಂಡು ಹೋಗಬಹುದೆ, ಹೇಗಾದರೂ ಹುಡುಕಿ ತಲುಪಿಸುತ್ತೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, “ಕ್ಷಮಿಸಿ ಸಾರ್, ಅಭ್ಯರ್ಥಿ ಸ್ವತಃ ಬಂದು ರುಜು ಹಾಕಿಯೇ ಪಡೆಯಬೇಕು; ನಿಯಮ ನಿಮಗೆ ಗೊತ್ತೇ ಇದೆ” ಎಂದಳು. ಗೊತ್ತಿದೆ ಎಂದೆ. ನನ್ನ ಫೋನಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅಂಕಪಟ್ಟಿಗಳಿಗೆ ಗುಂಡುಸೂಜಿ ಹಾಕಿ ಸೇರಿಸಲು ಅವಳು ಅಡ್ಡಿ ಹೇಳಲಿಲ್ಲ. ಗಂಟನ್ನು ಮತ್ತೆ ಕಟ್ಟುವಾಗ ಅದನ್ನು ಎಲ್ಲಕ್ಕಿಂತ ಮೇಲೆ ಇಡಿಸಿ ಬಂದೆ.